ಒಂಬತ್ತು ಗೋಲಿನ ಬಡ್ತಿ

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಬಡ್ತಿ ಸಿಕ್ಕಿತಲ್ಲ, ಅದರ ಹಿಂದಿನ ವರ್ಷ ಲೀಗ್ ಮುಗಿದ ವಾರ, ಒಂದು ರಾತ್ರಿ ಊಟ ಮಾಡಿ ಕೂತು ನಮ್ಮ ಮೇಲೆ ಬಿದ್ದ ಗೋಲುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಒಟ್ಟು 17. ಪ್ರತಿಯೊಂದರ ಮುಂದೆ ಅದು ಹೇಗೆ ಬಿತ್ತು ಅಂತ ಬರೆದೆ. ನೆನಪಾಗದಿದ್ದಾಗ ಹುಡುಗರಿಗೆ ಫೋನ್ ಮಾಡಿ ಕೇಳಿದೆ. ಕೊನೆಗೆ ಕೂಡಿಸಿ ನೋಡಿದರೆ 9 ಗೋಲು ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆಯೋ ಕಿಕ್), ಫ್ರೀ ಕಿಕ್, ಉದ್ದ ಥ್ರೋ ಇವುಗಳಿಂದಲೇ ಬಂದಿದ್ದವು. ಅಂದರೆ ಅರ್ಧಕ್ಕಿಂತ ಜಾಸ್ತಿ. ಚೆಂಡು ನಿಂತಿತ್ತು, ಆಟ ನಿಂತಿತ್ತು, ನಮ್ಮವರಿಗೆ ತಯಾರಾಗಿ ನಿಲ್ಲೋಕೆ ಬೇಕಾದಷ್ಟು ಸಮಯ ಇತ್ತು. ಆದರೂ ಗೋಲು ಬಿದ್ದಿತ್ತು.

ಆ ವರ್ಷ ನಾವು 16 ಗೋಲು ಹೊಡೆದು ಹತ್ತು ತಂಡಗಳ ಗುಂಪಿನಲ್ಲಿ ಐದನೆಯವರಾಗಿದ್ದೆವು. ಮುಂದಿನ ವರ್ಷ ಹೊಡೆದದ್ದು 9 ಗೋಲು ಮಾತ್ರ. ಆದರೆ ಮೂರನೇ ಡಿವಿಜನ್‌ನಿಂದ ಎರಡನೇ ಡಿವಿಜನ್‌ಗೆ ಏರಿದ್ದು ಆ ವರ್ಷವೇ. ಅದು ಹೇಗಾಯ್ತು ಅಂತ ಬರೆಯುತ್ತಿದ್ದೇನೆ. ನಮ್ಮ ಹಾಗೆ ಸಣ್ಣ ಕ್ಲಬ್ ನಡೆಸೋರು ಬಹಳ ಜನ ಇದ್ದಾರೆ, ಯಾರಿಗಾದರೂ ಉಪಯೋಗ ಆಗಬಹುದು.

ನಾನು ಹುಟ್ಟಿ ಬೆಳೆದದ್ದು ಗೋವಾದ ವಾಸ್ಕೋದಲ್ಲಿ. ಅಪ್ಪ ಬಾದಾಮಿ ಕಡೆಯಿಂದ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದು ಬೈನಾದಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಸಂಜೆಯಾದರೆ ಫುಟ್‌ಬಾಲ್. ಗೋವಾದಲ್ಲಿ ಅದು ರಾಜ್ಯದ ಆಟ. ಆದರೆ ನಮಗೆ ಯಾರೂ ಹಾಗಂತ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನಿಗೆ ರಜೆ ಇದ್ದ ದಿನ ತಿಲಕ್ ಮೈದಾನಕ್ಕೆ ಹೋಗುತ್ತಿದ್ದೆವು. 1998-99ರಲ್ಲಿ ಸಾಲಗಾಂವ್ಕರ್ ನ್ಯಾಷನಲ್ ಲೀಗ್ ಗೆದ್ದಾಗ ನನಗೆ 17 ವರ್ಷ. ಗೋವಾದ ಕ್ಲಬ್ಬೊಂದು ಅದನ್ನು ಗೆದ್ದದ್ದು ಅದೇ ಮೊದಲು. ಎಲ್ಲರ ಬಾಯಲ್ಲಿ ಆ ತಂಡದ ಆಟಗಾರ ಬ್ರೂನೊ ಕುಟಿನ್ಹೊ ಹೆಸರು. ನನಗೆ ಮಾತ್ರ ಗೋಲಿಗಳ, ಅಂದರೆ ಗೋಲ್‌ಕೀಪರ್‌ಗಳ ಮೇಲೆ ಪ್ರೀತಿ. ಸಾಲಗಾಂವ್ಕರ್ ಮತ್ತು ಭಾರತ ತಂಡದ ಗೋಲಿ ಬ್ರಹ್ಮಾನಂದ ಶಂಖವಾಳ್ಕರ್ ಬಗ್ಗೆ ಹಿರಿಯರು ಕತೆ ಹೇಳೋಕೆ ಶುರು ಮಾಡಿದರೆ ನಾನು ಅಲ್ಲಿಂದ ಏಳುತ್ತಿರಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಹುಡುಗರಿಗೆಲ್ಲ ಚಹಾ ಕುಡಿಸಿದ್ದೆ. ನಾನೂ ಹದಿನಾಲ್ಕು ವರ್ಷ ಗೋಲಿಯಾಗಿ ಆಡಿದೆ. ಮೊಣಕಾಲು ಹೋದ ಮೇಲೆ ತಂಡ ನೋಡಿಕೊಳ್ಳೋ ಕೆಲಸ ನನ್ನ ಮೇಲೆ ಬಿತ್ತು.

ನಮ್ಮಲ್ಲಿ 22 ಹುಡುಗರು. ಹದಿಮೂರು ಜನ ಕನ್ನಡದ ಮನೆಯವರು: ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು. ಉಳಿದವರಲ್ಲಿ ಜಾಸ್ತಿ ಕೊಂಕಣಿಯವರು, ಮೂವರು ಹಿಂದಿ ಮಾತಾಡೋರು. ಒಬ್ಬ ವೆಲ್ಡಿಂಗ್ ಅಂಗಡಿಯಲ್ಲಿ, ಇಬ್ಬರು ಹೋಟೆಲ್‌ನಲ್ಲಿ, ಒಬ್ಬ ಕಾಲೇಜು, ನಾಲ್ವರು ಗೋಡೌನ್‌ನಲ್ಲಿ. ನಮ್ಮ ಗೋಲಿ ಮೀನಿನ ಜೆಟ್ಟಿಯಲ್ಲಿ ರಾತ್ರಿ ಪಾಳಿ. ಮೊದಲೆಲ್ಲ ಅದಿರು ಸಾಗಿಸುವ ಟ್ರಕ್ಕುಗಳ ಮಾಲೀಕರು ಕ್ಲಬ್ಬಿಗೆ ಜರ್ಸಿ, ಬಸ್ ಖರ್ಚು ಕೊಡುತ್ತಿದ್ದರು. 2012ರಲ್ಲಿ ಗಣಿಗಾರಿಕೆ ನಿಂತಾಗ ಅದೂ ನಿಂತಿತು. ಆಮೇಲಿಂದ ತಿಂಗಳಿಗೆ ಇಷ್ಟು ಅಂತ ನಾವು ನಾವೇ ಹಾಕಿಕೊಂಡು ನಡೆಸುತ್ತಿದ್ದೇವೆ. ಹಾಗಾಗಿ ಹೊಸ ಸ್ಟ್ರೈಕರ್ ತರೋಣ, ದುಡ್ಡು ಕೊಡೋಣ ಅನ್ನೋ ಮಾತೇ ಇರಲಿಲ್ಲ. ಇದ್ದವರಲ್ಲೇ ಏನಾದರೂ ಮಾಡಬೇಕಿತ್ತು. ಆ 9 ಗೋಲು ನನ್ನ ಕಣ್ಣಿಗೆ ಬಿದ್ದದ್ದೂ ಅದಕ್ಕೇ. ಅದನ್ನು ನಿಲ್ಲಿಸೋಕೆ ದುಡ್ಡು ಬೇಕಿರಲಿಲ್ಲ.

ಮೊದಲು ಸಿಕ್ಕಿದ್ದು ಗೋಲ್‌ಪೋಸ್ಟಿನ ತಪ್ಪು. ನಾವು ಪ್ರಾಕ್ಟೀಸ್ ಮಾಡೋ ಮೈದಾನದಲ್ಲಿ ಯಾವುದೋ ಕಾಲಕ್ಕೆ ನೆಟ್ಟ ಕಬ್ಬಿಣದ ಪೈಪಿನ ಗೋಲ್ ಇದೆ. ನಮ್ಮ ರೈಟ್ ಬ್ಯಾಕ್ ಹುಡುಗನ ಅಪ್ಪ ಗೌಂಡಿ. ಒಂದು ಭಾನುವಾರ ಮಗನ ಆಟ ನೋಡೋಕೆ ಬಂದವರು, ಸುಮ್ನೆ ಪೋಸ್ಟನ್ನೇ ನೋಡುತ್ತಾ ನಿಂತಿದ್ದರು. ‘ಇದರ ಅಳತಿ ಎಷ್ಟ್ ಇರಬೇಕ್ರೀ?’ ಅಂದರು. 24 ಅಡಿ ಅಗಲ, 8 ಅಡಿ ಎತ್ತರ, ಮೀಟರ್ ಲೆಕ್ಕದಲ್ಲಿ 7.32 ಮತ್ತು 2.44 ಅಂತ ಹೇಳಿದೆ. ಅವರು ಸ್ಕೂಟರ್ ಡಿಕ್ಕಿಯಿಂದ ಟೇಪು ತಂದು ಹಿಡಿದರು. ಅಗಲ 23 ಅಡಿ. ಎತ್ತರ 7 ಅಡಿ 3 ಇಂಚು. ಪ್ರತಿ ಮಳೆಗಾಲದಲ್ಲೂ ಕೆಂಪು ಮಣ್ಣು ಹರಿದು ಬಂದು ಪೈಪಿನ ಬುಡದಲ್ಲಿ ಕೂತು ಕೂತು ನೆಲವೇ ಎತ್ತರ ಆಗಿತ್ತು.

‘ನಿಮ್ಮ ಹುಡುಗ ಇಲ್ಲಿ ಒಂಬತ್ತ್ ಇಂಚು ಗಿಡ್ಡ ಬಾಗಲಾ ಕಾಯ್ತಾನ, ಅಲ್ಲಿ ಹೋಗಿ ದೊಡ್ಡ ಬಾಗಲದಾಗ ನಿಂತ್ರ ಏನ್ ಮಾಡ್ಯಾನ್ರೀ?’ ಅಂದರು.

ನಾನು ಹದಿನಾಲ್ಕು ವರ್ಷ ಗೋಲಿಯಾಗಿದ್ದವನು. ನನಗೆ ಅದು ಹೊಳೆದಿರಲಿಲ್ಲ. ನಮ್ಮ ಗೋಲಿಯ ತಲೆ ಮೇಲಿಂದ ಹೋದ ಮೂರು ಗೋಲು ಆಗ ಒಂದೊಂದಾಗಿ ನೆನಪಾದವು. ಪ್ರತಿ ಸಲವೂ ಅವನು ‘ಹೊರಗೆ ಹೋಗ್ತದೆ ಅನ್ಕೊಂಡೆ ಅಣ್ಣಾ’ ಅಂದಿದ್ದ, ಪ್ರತಿ ಸಲವೂ ನಾನು ಬೈದಿದ್ದೆ. ಅವನು ಹೇಳಿದ್ದು ನಿಜವೇ ಆಗಿತ್ತು. ನಮ್ಮ ಪೋಸ್ಟಿನಲ್ಲಾದರೆ ಆ ಚೆಂಡು ಹೊರಗೇ ಹೋಗುತ್ತಿತ್ತು. ಮುಂದಿನ ಭಾನುವಾರ ಗುದ್ದಲಿ, ಬುಟ್ಟಿ ತಂದು ಎಲ್ಲರೂ ಸೇರಿ ಬುಡದ ಮಣ್ಣು ತೆಗೆದೆವು. ಗೋಲಿನ ಮುಂದೆ ದೂರದವರೆಗೆ ನೆಲ ಸಮ ಮಾಡಿದೆವು. ಅಗಲಕ್ಕೆ ಒಂದು ಪೈಪಿನ ಹೊರಗೆ ಒಂದಡಿ ಬಿಟ್ಟು ಅಡಿಕೆ ಮರದ ಕಂಬ ನೆಟ್ಟೆವು. ಗೌಂಡಿಯವರೇ ನಿಂತು ಕಂಬ ನೆಟ್ಟಗಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿದರು. ಆ ಸಂಜೆ ಗೋಲಿಯನ್ನು ಕರೆದು ಬೈದದ್ದು ತಪ್ಪಾಯ್ತು ಅಂತ ಹೇಳಿದೆ. ನೀವು ತಂಡ ನಡೆಸುತ್ತಿದ್ದರೆ ನಾಳೆಯೇ ಟೇಪು ಹಿಡಿದು ನೋಡಿ. ಐದು ನಿಮಿಷದ ಕೆಲಸ.

ಎರಡನೇ ತೊಂದರೆ ಮಾತಿನದ್ದು. ಇದು ನಮ್ಮಂಥ ಊರಿನ ತಂಡಗಳಲ್ಲೇ ಜಾಸ್ತಿ ಅಂತ ಕಾಣುತ್ತದೆ. ನೋಟ್‌ಬುಕ್ಕಿನ ಹನ್ನೊಂದನೇ ಗೋಲು ಹೀಗೆ ಬಿದ್ದಿತ್ತು: ಎಡಗಡೆಯಿಂದ ಫ್ರೀ ಕಿಕ್ ಬಂತು. ಗೋಲಿ ಮುಂದೆ ಬರುತ್ತಾ ‘ಬಿಡು, ಬಿಡು’ ಅಂತ ಕೂಗಿದ. ಅವನ ಅರ್ಥ, ನನಗೆ ಬಿಡು ಅಂತ. ಗೋಲಿನ ಮುಂದೆ ನಡುವೆ ಕಾಯೋ ನಮ್ಮ ಸ್ಟಾಪರ್ ಗದಗ ಕಡೆಯವನು, ಅಪ್ಪಟ ಕನ್ನಡದ ಹುಡುಗ. ಅವನ ಕಿವಿಗೆ ಅದು ‘ಹೊಡೆದು ಬಿಡು’ ಅಂತ ಕೇಳಿಸಿತು. ಕಾಲು ಬೀಸಿದ. ಚೆಂಡು ಓರೆಯಾಗಿ ತಾಗಿ ನಮ್ಮ ಗೋಲಿನೊಳಗೇ ಹೋಯಿತು. ಪಕ್ಕದಲ್ಲಿದ್ದ ಲೆಫ್ಟ್ ಬ್ಯಾಕ್ ಕೊಂಕಣಿಯವನು, ಅವನಿಗೆ ಏನೂ ಅರ್ಥ ಆಗದೆ ಇಬ್ಬರ ಮುಖ ನೋಡುತ್ತಿದ್ದ. ಅವನು ಕೂಗಿದರೆ ‘ಸೋಡ್’ ಅನ್ನುತ್ತಾನೆ. ಹಿಂದಿಯ ಹುಡುಗ ‘ಛೋಡ್’ ಅನ್ನುತ್ತಾನೆ. ಗಲಾಟೆಯಲ್ಲಿ ಯಾರಿಗೆ ಯಾವುದು ಕೇಳಿಸಬೇಕು?

ಅದಕ್ಕೆ ಮೂರೇ ಶಬ್ದ ಇಟ್ಟುಕೊಂಡೆವು. ಗೋಲಿ ಚೆಂಡಿಗೆ ಬರುವಾಗ ‘ಕೀಪರ್’. ಹೊರಗೆ ಹೊಡೆಯಬೇಕಾದರೆ ‘ಅವೇ’. ಸುತ್ತ ಯಾರೂ ಇಲ್ಲ, ಆರಾಮಾಗಿ ಆಡು ಅನ್ನೋಕೆ ‘ಟೈಮ್’. ಮೂರೂ ಎಲ್ಲ ಭಾಷೆಯವರಿಗೂ ಗೊತ್ತು, ಒಂದರ ಸದ್ದು ಇನ್ನೊಂದರ ಹಾಗೆ ಇಲ್ಲ. ‘ಕೀಪರ್’ ಅನ್ನೋಕೆ ಇನ್ನೊಂದು ಕಾರಣವೂ ಇದೆ. ಸುಮ್ಮನೆ ‘ಬಿಡು’ ಅಂತ ಕೂಗಿ ಎದುರಿನ ಆಟಗಾರನನ್ನು ಗಲಿಬಿಲಿ ಮಾಡಿದಿರಿ ಅಂತ ರೆಫರಿಗೆ ಅನಿಸಿದರೆ ಹಳದಿ ಕಾರ್ಡ್ ಕೊಟ್ಟು, ಅವರಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಡಬಹುದು. ಯಾರು ಬರುತ್ತಿದ್ದಾರೆ ಅಂತ ಹೇಳಿದರೆ ಆ ಅನುಮಾನ ಬರೋದಿಲ್ಲ.

ಹೇಳೋಕೆ ಸುಲಭ. ಆದರೆ ಹೆದರಿದಾಗ ಬಾಯಿಗೆ ಬರೋದು ತಾಯಿ ಮಾತೇ. ಎರಡು ತಿಂಗಳು ಪ್ರಾಕ್ಟೀಸಿನಲ್ಲಿ ಯಾರಾದರೂ ‘ಬಿಡು’ ಅಂದರೆ ಆಟ ನಿಲ್ಲಿಸಿ ಅದೇ ಚೆಂಡನ್ನು ಮತ್ತೆ ಹಾಕಿಸುತ್ತಿದ್ದೆ. ಬೈಯುತ್ತಿರಲಿಲ್ಲ, ಶಿಕ್ಷೆ ಇಲ್ಲ. ಮತ್ತೆ ಅಷ್ಟೇ.

ಮೂರನೆಯದು ಕಾರ್ನರ್. ಇದಕ್ಕೇ ನಾವು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟದ್ದು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಪ್ರಾಕ್ಟೀಸಿನ ಕೊನೆಯ ಇಪ್ಪತ್ತು ನಿಮಿಷ. ಮೊದಲು ನಾವು ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಹಿಡಿಯುತ್ತಿದ್ದೆವು. ಅವನು ಓಡಿದರೆ ಇವನೂ ಓಡಬೇಕು. ಒಬ್ಬ ಜಾರಿದರೆ ಮುಗಿಯಿತು. ಅದರ ಬದಲು ಜಾಗ ಕಾಯೋದು ಅಂತ ಮಾಡಿದೆವು. ಹತ್ತಿರದ ಪೋಸ್ಟಿನಲ್ಲಿ ಒಬ್ಬ. ಗೋಲಿನಿಂದ 5.5 ಮೀಟರ್ ದೂರದ ಸಣ್ಣ ಬಾಕ್ಸಿನ ಗೆರೆ ಮೇಲೆ ನಾಲ್ವರು, ತಲೆಯಲ್ಲಿ ಚೆನ್ನಾಗಿ ಆಡೋರು. 11 ಮೀಟರ್‌ನ ಪೆನಾಲ್ಟಿ ಜಾಗದ ಹತ್ತಿರ ಇಬ್ಬರು, ಓಡಿ ಬರೋರ ದಾರಿಗೆ ಅಡ್ಡ. ಬಾಕ್ಸಿನ ತುದಿಯಲ್ಲಿ ಒಬ್ಬ, ಸಣ್ಣ ಕಾರ್ನರ್ ತೆಗೆದರೆ ಓಡೋಕೆ ಒಬ್ಬ, ಮುಂದೆ ಒಬ್ಬ. ಜೊತೆಗೆ ಗೋಲಿ.

ಬಾಯಲ್ಲಿ ಹೇಳಿದರೆ ನಿಲ್ಲಲಿಲ್ಲ. ಎಲ್ಲರೂ ಒಂದೊಂದು ಹೆಜ್ಜೆ ಒಳಗೆ, ಗೋಲಿಯ ಮೈಮೇಲೇ ಬಂದು ನಿಲ್ಲುತ್ತಿದ್ದರು. ಹೆದರಿಕೆ ಇದ್ದಾಗ ಎಲ್ಲರೂ ಮನೆ ಬಾಗಿಲ ಕಡೆಗೇ ಸರಿಯುತ್ತಾರೆ ಅಲ್ವಾ? ಅದಕ್ಕೆ ಒಂದು ದಿನ, ನಿಮ್ಮ ನಿಮ್ಮ ಚಪ್ಪಲಿ ತಂದು ನಿಮ್ಮ ಜಾಗದಲ್ಲಿ ಇಡಿ ಅಂದೆ. ಮೈದಾನದ ಅಂಚಿನಲ್ಲಿ ಬಿಟ್ಟಿದ್ದ ಹವಾಯಿ ಚಪ್ಪಲಿಗಳು ಬಂದವು. ನೀಲಿ ಪಟ್ಟಿಯದ್ದು ವೆಲ್ಡಿಂಗ್ ಹುಡುಗನದ್ದು, ಕಿಡಿ ಬಿದ್ದು ಹಿಮ್ಮಡಿ ಹತ್ತಿರ ಸಣ್ಣ ಸಣ್ಣ ಕಪ್ಪು ತೂತು. ಅದು ಸಣ್ಣ ಬಾಕ್ಸಿನ ಗೆರೆ ನಡುವೆ. ಕಾಲೇಜು ಹುಡುಗನ ಸ್ಯಾಂಡಲ್ ಬಾಕ್ಸಿನ ತುದಿಯಲ್ಲಿ. ಲೆಫ್ಟ್ ಬ್ಯಾಕಿನ ಬಿಳಿ ಚಪ್ಪಲಿ ಹತ್ತಿರದ ಪೋಸ್ಟಿನ ಪಕ್ಕ, ಪೈಪಿನಿಂದ ಒಂದು ಕೈ ದೂರ. ಚೆಂಡು ಬರೋವರೆಗೆ ಚಪ್ಪಲಿ ಮೇಲೆ ಒಂದು ಕಾಲು ಇರಬೇಕು. ಚೆಂಡು ಗಾಳಿಯಲ್ಲಿ ಬಂತು ಅಂದ ಮೇಲೆ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಅಲ್ಲ. ಒಂದು ಸಂಜೆಗೆ ಮೂವತ್ತು ಕಾರ್ನರ್, ಹದಿನೈದು ಬಲದಿಂದ, ಹದಿನೈದು ಎಡದಿಂದ. ಮಳೆ ನಿಂತ ಮೇಲೆ ಶುರು ಮಾಡಿದ್ದು, ಕೆಂಪು ಮಣ್ಣು ಇನ್ನೂ ಹಸಿ. ಚಪ್ಪಲಿ ಒತ್ತಿ ಒತ್ತಿ ಅದರ ಅಚ್ಚು ನೆಲದಲ್ಲಿ ಮೂಡಿತ್ತು. ಮೂರನೇ ವಾರ ಚಪ್ಪಲಿ ತೆಗೆಸಿದೆ. ಹುಡುಗರು ಅಚ್ಚು ನೋಡದೇ ಅಲ್ಲೇ ಹೋಗಿ ನಿಂತರು.

ಬೇಸರ ಆಗುತ್ತಿತ್ತು ಅವರಿಗೆ. ಆಗದೇ ಇರುತ್ತದಾ? ಎಂಟು ಗಂಟೆ ಕೆಲಸ ಮಾಡಿ ಬಂದವರಿಗೆ ಗೋಲು ಹೊಡೆಯೋ ಆಸೆ ಇರುತ್ತದೆ, ಚಪ್ಪಲಿ ಮೇಲೆ ನಿಲ್ಲೋ ಆಸೆ ಇರೋದಿಲ್ಲ. ನಮ್ಮ ಸ್ಟ್ರೈಕರ್ ಒಂದು ದಿನ ನೇರವಾಗಿ ಕೇಳಿದ, ‘ಅಣ್ಣಾ, ನಾವ್ ಆಡಾಕ್ ಬಂದೀವೋ, ಕಾವಲ ಕಾಯಾಕ್ ಬಂದೀವೋ?’ ನಾನು ನೋಟ್‌ಬುಕ್ ತೆಗೆದು ಕೈಗೆ ಕೊಟ್ಟೆ. ಅಲ್ಲೇ ನೆಲದ ಮೇಲೆ ಕೂತು 17 ಗೋಲನ್ನೂ ಓದಿದ. ಆಮೇಲೆ ಕಾರ್ನರ್ ಹೊಡೆಯೋ ಕೆಲಸ ಅವನೇ ತಗೊಂಡ. ಎದುರಿನವರಿಗಿಂತ ಕಷ್ಟದ ಕಾರ್ನರ್ ಅವನದ್ದೇ ಇರುತ್ತಿತ್ತು.

ಲೀಗ್ ಶುರುವಾಯಿತು. ಮೊದಲನೇ ಪಂದ್ಯ 0-0. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಮಾತ್ರ ಒಳಗೊಳಗೇ ಖುಷಿ, ಯಾಕೆಂದರೆ ಎದುರಿನವರಿಗೆ ಏಳು ಕಾರ್ನರ್ ಸಿಕ್ಕಿದ್ದವು, ಒಂದೂ ನಮ್ಮ ಗೋಲಿನ ಹತ್ತಿರ ಬಿದ್ದಿರಲಿಲ್ಲ. ಗೆದ್ದರೆ 3 ಪಾಯಿಂಟ್, ಸಮ ಆದರೆ 1 ಪಾಯಿಂಟ್. ಆ ಒಂದನ್ನು ನಾವು ಅದುವರೆಗೆ ಸೋಲಿನ ಹಾಗೆ ನೋಡುತ್ತಿದ್ದೆವು. ಹಿಂದಿನ ವರ್ಷ ಐದು ಪಂದ್ಯ ಸೋತಿದ್ದೆವು. ಅದರಲ್ಲಿ ಮೂರು ಪಂದ್ಯ ಕೊನೆಯ ಹತ್ತು ನಿಮಿಷದವರೆಗೆ ಸಮ ಇದ್ದವು, ಗೆಲ್ಲೋಣ ಅಂತ ಎಲ್ಲರೂ ಮುಂದೆ ಓಡಿ ಕಳಕೊಂಡದ್ದು. ಬಸ್ಸಿನಲ್ಲೇ ಈ ಲೆಕ್ಕ ಹೇಳಿದೆ.

ಎರಡನೇ ಪಂದ್ಯ 1-0 ಗೆದ್ದೆವು. ಆದರೆ ಕೊನೆಗೆ ನಮ್ಮ ಸ್ಟಾಪರ್‌ಗೆ, ಅದೇ ವೆಲ್ಡಿಂಗ್ ಹುಡುಗನಿಗೆ, ಎರಡನೇ ಹಳದಿ ಬಂದು ಕೆಂಪು ಕಾರ್ಡ್ ಆಯಿತು. ಮುಂದಿನ ಪಂದ್ಯ ಅವನಿಲ್ಲ. ಆಗ ನನ್ನ ತಪ್ಪು ಗೊತ್ತಾಯಿತು. ಸಣ್ಣ ಬಾಕ್ಸಿನ ಗೆರೆಯ ನಡುವಿನ ಆ ಜಾಗ ಅವನೊಬ್ಬನಿಗೇ ಕಲಿಸಿದ್ದೆ. ಮೂರನೇ ಪಂದ್ಯ ಗುಂಪಿನ ಬಲವಾದ ತಂಡದ ಜೊತೆ, 0-2 ಸೋತೆವು. ಎರಡೂ ಕಾರ್ನರ್‌ನಿಂದ, ಎರಡೂ ಆ ನೀಲಿ ಪಟ್ಟಿಯ ಚಪ್ಪಲಿಯ ಜಾಗದಿಂದ. ಅವನ ಬದಲು ನಿಂತ ಹುಡುಗನದ್ದು ಏನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾರನೇ ಮಂಗಳವಾರದಿಂದ ಪ್ರತಿ ಜಾಗಕ್ಕೂ ಎರಡು ಹೆಸರು ಬರೆದೆ. ಪ್ರಾಕ್ಟೀಸಿನಲ್ಲಿ ಹದಿನೈದು ಕಾರ್ನರ್ ಮೊದಲನೆಯವನು, ಹದಿನೈದು ಎರಡನೆಯವನು. ಆ ಹಂಗಾಮಿನಲ್ಲಿ ನಿಂತ ಚೆಂಡಿನಿಂದ ನಮ್ಮ ಮೇಲೆ ಬಿದ್ದದ್ದು ಆ ಎರಡೇ ಗೋಲು.

ನಡುವಿನ ಪಂದ್ಯಗಳ ಬಗ್ಗೆ ಉದ್ದಕ್ಕೆ ಹೇಳೋದು ಬೇಡ. 2-1 ಗೆಲುವು, 1-1, 1-0 ಗೆಲುವು, 3-0 ಗೆಲುವು, 0-0. ಮಧ್ಯಾಹ್ನದ ಸೆಕೆಯಲ್ಲಿ ಆಡೋ ಪಂದ್ಯಗಳಿಗೆ ಒಬ್ಬ ಹುಡುಗನ ತಾಯಿ ಉಪ್ಪು, ನಿಂಬೆ, ಸಕ್ಕರೆ ಹಾಕಿದ ನೀರು ದೊಡ್ಡ ಕ್ಯಾನಿನಲ್ಲಿ ಕಳಿಸುತ್ತಿದ್ದರು. ಬಸ್ ಬಾಡಿಗೆ ಜಾಸ್ತಿ ಆಗಿ ಎರಡು ಸಲ ಬೈಕುಗಳಲ್ಲೇ ಹೋದೆವು. ಬಸ್ಸಿದ್ದಾಗ ಮಾತ್ರ ಜಗಳ ತಪ್ಪುತ್ತಿರಲಿಲ್ಲ. 2024ರಲ್ಲಿ ದೇಶದ ಕೆಳಗಿನ ಲೀಗ್ ಆದ ಐ-ಲೀಗ್ 2ರಿಂದ ಅದರ ಮೇಲಿನ ಐ-ಲೀಗ್‌ಗೆ ಏರಿದ್ದು ಎರಡು ತಂಡ, ಬೆಂಗಳೂರಿನ ಸ್ಪೋರ್ಟಿಂಗ್ ಕ್ಲಬ್ ಮತ್ತು ಗೋವಾದ ಡೆಂಪೊ. ಬೆಂಗಳೂರು ಮೊದಲು, ಡೆಂಪೊ ಎರಡನೆಯದು. ಅರ್ಧ ಬಸ್ ಆ ಕಡೆ, ಅರ್ಧ ಬಸ್ ಈ ಕಡೆ. ಕನ್ನಡದ ಹುಡುಗರು 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದನ್ನೂ ಎಳೆದು ತರುತ್ತಿದ್ದರು. ನಾನು ಹುಟ್ಟಿನಿಂದ ಎರಡೂ ಕಡೆಯವನು. ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಡೆಂಪೊ ಐದು ಸಲ ದೇಶದ ಚಾಂಪಿಯನ್ ಆದ ಕ್ಲಬ್. ಅಂಥವರೂ ಕೆಳಗಿನ ಲೀಗ್‌ನಲ್ಲಿ ಒಂದೊಂದೇ ಪಾಯಿಂಟ್ ಕೂಡಿಸಿಕೊಂಡು ಮೇಲೆ ಬರಬೇಕಾಯಿತು. ಇದನ್ನು ಹುಡುಗರಿಗೆ ಹೇಳಿದಾಗ ಬಸ್ಸಿನಲ್ಲಿ ಎರಡೂ ಕಡೆಯವರು ಸುಮ್ಮನಾದರು.

ಎಂಟು ಪಂದ್ಯ ಮುಗಿದಾಗ ನಮಗೆ 15 ಪಾಯಿಂಟ್. ಮೊದಲನೇ ತಂಡ 22ರಲ್ಲಿ ದೂರ ಹೋಗಿತ್ತು. ಮೂರನೇ ತಂಡಕ್ಕೆ 13. ಮೇಲೆ ಹೋಗೋದು ಎರಡೇ ತಂಡ. ಕೊನೆಯ ಪಂದ್ಯ ಆ ಮೂರನೇ ತಂಡದ ಜೊತೆಗೇ, ಅವರ ಊರಿನ ಮೈದಾನದಲ್ಲಿ. ಅವರು ಗೆದ್ದರೆ ಅವರು, ಸಮ ಆದರೆ ನಾವು. ಮೊದಲನೇ ದಿನ ಬಸ್ಸಿನಲ್ಲಿ ಹೇಳಿದ್ದ ಒಂದು ಪಾಯಿಂಟಿನ ಲೆಕ್ಕ ಯಾರಿಗೂ ಮತ್ತೆ ಹೇಳಬೇಕಾಗಿರಲಿಲ್ಲ.

ಮೈದಾನದ ಸುತ್ತ ಜನ ಕಂಪೌಂಡ್ ಹತ್ತಿ ಕೂತಿದ್ದರು. 20ನೇ ನಿಮಿಷಕ್ಕೆ ಅವರದ್ದು ಗೋಲು, ಸರಿಯಾದ ಪಾಸ್ ಆಟದಲ್ಲಿ ಹೊಡೆದ ಒಳ್ಳೇ ಗೋಲು. ಅರ್ಧ ಆಟ ಮುಗಿಯೋ ಹೊತ್ತಿಗೆ ನಮಗೊಂದು ಕಾರ್ನರ್ ಸಿಕ್ಕಿತು. ಸ್ಟ್ರೈಕರ್ ಹೊಡೆದ, ಪ್ರಾಕ್ಟೀಸಿನಲ್ಲಿ ನಮ್ಮ ಗೋಲಿಗೆ ದಿನಾ ಹಾಕುತ್ತಿದ್ದ ಅದೇ ಕಷ್ಟದ ಚೆಂಡು. ವೆಲ್ಡಿಂಗ್ ಹುಡುಗ ತಲೆ ಕೊಟ್ಟ. 1-1.

ಎರಡನೇ ಅರ್ಧ ಪೂರ್ತಿ ಅವರು ನಮ್ಮ ಮೇಲೆ ಬಿದ್ದರು. 88ನೇ ನಿಮಿಷಕ್ಕೆ ಅವರಿಗೆ ಬಲಗಡೆಯಿಂದ ಕಾರ್ನರ್. ಅವರ ಗೋಲಿಯೂ ಬಾಕ್ಸಿಗೆ ಬಂದ. ನಾನು ಗೆರೆ ಹೊರಗೆ ನಿಂತು ನಮ್ಮವರ ಕಾಲುಗಳನ್ನೇ ನೋಡುತ್ತಿದ್ದೆ, ಚಪ್ಪಲಿ ಇದ್ದ ಕಡೆ ಕಾಲು ಇವೆಯಾ ಅಂತ. ಇದ್ದವು. ಹತ್ತೂ ಇದ್ದವು. ಚೆಂಡು ಬಂತು. ಅಷ್ಟು ಗಲಾಟೆಯಲ್ಲೂ ‘ಕೀಪರ್’ ಅನ್ನೋ ಕೂಗು ನನಗೆ ಕೇಳಿಸಿತು. ಹಿಡಿಯೋಕೆ ಆಗಲಿಲ್ಲ ಅವನಿಗೆ, ಇಬ್ಬರು ಅಡ್ಡ ಇದ್ದರು. ಮುಷ್ಟಿಯಿಂದ ಗುದ್ದಿದ. ಚೆಂಡು ಒಬ್ಬರ ಬೆನ್ನಿಗೆ ತಾಗಿ ಹತ್ತಿರದ ಪೋಸ್ಟಿನ ಕಡೆ ತಿರುಗಿತು. ಗೋಲಿ ನೆಲದ ಮೇಲೆ. ಅಲ್ಲಿದ್ದದ್ದು ಲೆಫ್ಟ್ ಬ್ಯಾಕ್ ಒಬ್ಬನೇ, ಪೈಪಿನಿಂದ ಒಂದು ಕೈ ದೂರದಲ್ಲಿ. ‘ಅವೇ’ ಅಂತ ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಅವನು ಎಡಗಾಲಲ್ಲಿ ಬೀಸಿ ಹೊಡೆದ. ಚೆಂಡು ಕಂಪೌಂಡ್ ದಾಟಿ ತೆಂಗಿನ ತೋಟಕ್ಕೆ ಹೋಯಿತು. ಅದನ್ನು ಹುಡುಕಿ ತರೋಕೇ ಒಂದು ನಿಮಿಷ ಹಿಡಿಯಿತು.

16 ಪಾಯಿಂಟ್. 9 ಗೋಲು ಹೊಡೆದೆವು, 5 ಬಿದ್ದವು.

ಬಸ್ಸಿನಲ್ಲಿ ಹಾಡು, ಕುಣಿತ ಎಲ್ಲ ಆಯಿತು. ಗೌಂಡಿಯವರು ಮುಂದಿನ ಸೀಟಿನಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನೂ ಅವರ ಪಕ್ಕ ಕೂತು ಅತ್ತೆ. ವಾಸ್ಕೋ ಮುಟ್ಟಿದಾಗ ಒಂಬತ್ತು ಗಂಟೆ. ಎಲ್ಲರೂ ಊಟಕ್ಕೆ ಹೊರಟರು. ಗೋಲಿ ಮಾತ್ರ ಬರಲಿಲ್ಲ, ಹತ್ತು ಗಂಟೆಗೆ ಜೆಟ್ಟಿಯಲ್ಲಿ ಪಾಳಿ. ಜರ್ಸಿ ಮೇಲೇ ಶರ್ಟ್ ಹಾಕಿಕೊಂಡ. ಗ್ಲೌಸ್ ಮೀನಿನ ವಾಸನೆ ಹಿಡಿಯುತ್ತದೆ ಅಂತ ನನ್ನ ಚೀಲದಲ್ಲಿ ಇಟ್ಟ. ‘ಮಂಗಳವಾರ ತಗೊಂಡ್ ಬರ್ರಿ ಅಣ್ಣಾ’ ಅಂದ. ಮಂಗಳವಾರ ಪ್ರಾಕ್ಟೀಸ್ ಇಲ್ಲ, ಲೀಗ್ ಮುಗಿದಿದೆ ಅಂದೆ. ಒಂದು ಕ್ಷಣ ನಿಂತ. ‘ಆದ್ರೂ ಬರ್ತೀನ್ರೀ’ ಅಂದು ಜೆಟ್ಟಿ ಕಡೆ ನಡೆದ.